ಹಳ್ಳಿಯ ಹಿರಿಯರು ಮತ್ತು ಖಿನ್ನತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯ ಶಿಬಿರಗಳಲ್ಲಿ, ಫೋನಿನಲ್ಲಿ, ಒಮ್ಮೊಮ್ಮೆ ಕಾಗದ ಬರೆದು ಜನ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೇಳುವವರು ಹೆಚ್ಚಾಗಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಹಿರಿಯರು ತಾವಾಗಿಯೇ ತಮ್ಮ ಬಗ್ಗೆ ಕೇಳಿದ್ದು ತೀರಾ ಕಡಿಮೆ. ಮನೆಯಲ್ಲಿ ಯಾರಾದರೂ ಸಾಯುವ ಮಾತಾಡುತ್ತಿದ್ದರೆ ಮೊದಲು ಕೊನೆಯ ಭಾಗ ಓದಿ, ಅಥವಾ ಈಗಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

## ಗುರುತಿಸುವುದು

ಎಪ್ಪತ್ತೈದು ವರ್ಷ ಆಯ್ತು. ಈ ವಯಸ್ಸಲ್ಲಿ ಬೇಜಾರು ಇರೋದು ಸಹಜ ಅಲ್ವಾ?

ಬೇಜಾರು ಸಹಜ. ಮಳೆ ಕೈಕೊಟ್ಟರೆ, ಮಗಳ ಮನೆಯಲ್ಲಿ ಜಗಳವಾದರೆ, ಮಂಡಿ ಹಿಡಿದುಕೊಂಡರೆ ಯಾರಿಗೆ ಬೇಜಾರಾಗಲ್ಲ? ಆದರೆ ಮೊಮ್ಮಗ ಬಂದ, ಊರಲ್ಲಿ ಜಾತ್ರೆ ಬಂತು ಅಂದರೆ ಅದು ಸ್ವಲ್ಪವಾದರೂ ಕರಗುತ್ತದೆ. ಖಿನ್ನತೆ ಹಾಗೆ ಕರಗುವುದಿಲ್ಲ. ಎರಡು ವಾರ ಕಳೆದರೂ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿರುತ್ತದೆ, ಇಲ್ಲವೇ ಯಾವುದೂ ಬೇಡ ಅನ್ನಿಸುತ್ತದೆ. ಊಟ ಸೇರುವುದಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಮಾತು ಕಡಿಮೆಯಾಗುತ್ತದೆ. "ನನ್ನಿಂದ ಎಲ್ಲರಿಗೂ ತೊಂದರೆ" ಅನ್ನುವುದು ಶುರುವಾಗುತ್ತದೆ.

ಇದು ಕಾಯಿಲೆ, ವಾಸಿಯಾಗುವ ಕಾಯಿಲೆ. 2017–18ರಲ್ಲಿ ದೇಶದಾದ್ಯಂತ ಹಿರಿಯರ ಬಗ್ಗೆ ನಡೆದ 'ಲಾಸಿ' ಸಮೀಕ್ಷೆ ಅರವತ್ತು ದಾಟಿದವರಲ್ಲಿ ಶೇ. 8.3 ಜನರಿಗೆ ಖಿನ್ನತೆ ಇರಬಹುದು ಎಂದು ಲೆಕ್ಕ ಹಾಕಿತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಜಾಸ್ತಿ ಇತ್ತು. "ನನಗೆ ಖಿನ್ನತೆ ಇದೆ ಎಂದು ಡಾಕ್ಟರ್ ಹೇಳಿದ್ದಾರೆ" ಅಂದವರು ಮಾತ್ರ ಶೇ. 0.8. ಮಿಕ್ಕವರದ್ದೆಲ್ಲ "ವಯಸ್ಸಾಯ್ತಲ್ಲ" ಅನ್ನುವ ಒಂದೇ ಮಾತಿನಲ್ಲಿ ಮುಚ್ಚಿಹೋಗಿರುತ್ತದೆ.

ಅಮ್ಮ ಬೇಜಾರು ಅಂತ ಒಂದಿನಾನೂ ಹೇಳಿಲ್ಲ. ಬರೀ ಮೈಕೈ ನೋವು, ಎದೆ ಉರಿ ಅಂತಾರೆ. ಇದು ಖಿನ್ನತೆ ಹೇಗಾಗುತ್ತೆ?

ನಮ್ಮ ಹಳ್ಳಿಗಳಲ್ಲಿ ಖಿನ್ನತೆ ಬರುವುದೇ ಹೀಗೆ. ಶಿಬಿರಕ್ಕೆ ಬರುವ ಅಜ್ಜಿಯರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರಲ್ಲಿ ಬಟ್ಟೆ ಅಂಗಡಿಯ ಇನ್ನೊಂದು ಕವರ್, ಅದರೊಳಗೆ ಎಕ್ಸ್‌ರೇ, ಸ್ಕ್ಯಾನ್, ರಕ್ತದ ರಿಪೋರ್ಟ್, ಅರ್ಧರ್ಧ ಖಾಲಿಯಾದ ಗ್ಯಾಸ್ ಮಾತ್ರೆ, ಶಕ್ತಿ ಟಾನಿಕ್ ಚೀಟಿ. ಎಲ್ಲ ರಿಪೋರ್ಟೂ ನಾರ್ಮಲ್. ಆದರೂ ತಲೆಭಾರ, ಮೈಯೆಲ್ಲ ಉರಿ, ಕೈಕಾಲು ಸೆಳೆತ, "ಎದೆ ಮೇಲೆ ಕಲ್ಲು ಇಟ್ಟಂಗಾಗುತ್ತೆ". ಪ್ರತಿ ಸಲ ಡ್ರಿಪ್ ಹಾಕಿಸಿಕೊಂಡು ಬಂದರೆ ಎರಡು ದಿನ ಆರಾಮ, ಆಮೇಲೆ ಮತ್ತದೇ.

ಅವರು ನಾಟಕ ಮಾಡುತ್ತಿಲ್ಲ, ನೋವು ನಿಜವಾಗಿಯೂ ಇದೆ. ಮನಸ್ಸಿನ ಸಂಕಟ ಹೇಳಿಕೊಂಡರೆ "ಏನು ಕಮ್ಮಿ ಮಾಡಿದೀವಿ ನಿಮಗೆ?" ಅನ್ನುವ ಉತ್ತರ ಬರುತ್ತದೆ ಎಂದು ಅವರಿಗೆ ಗೊತ್ತು. ಮೈ ನೋವು ಅಂದರೆ ಯಾರೂ ಹಾಗೆ ಕೇಳುವುದಿಲ್ಲ. ಹಾಗಾಗಿ "ಬೇಜಾರಾ?" ಎಂದು ಕೇಳಬೇಡಿ. "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ? ಎಚ್ಚರ ಆದಾಗ ಏನು ಯೋಚನೆ ಬರುತ್ತೆ?" ಎಂದು ಕೇಳಿ ನೋಡಿ. ಅನೇಕರು ಅಲ್ಲಿಂದ ಬಾಯಿ ಬಿಡುತ್ತಾರೆ.

ಹಳ್ಳೀಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲೂ ಒಂಟಿತನ ಇರುತ್ತಾ?

ಪರಿಚಯದವರು ಇದ್ದ ಮಾತ್ರಕ್ಕೆ ಮಾತಾಡುವವರು ಇರುತ್ತಾರೆ ಅಂತಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ. ಪಕ್ಕದ ಮನೆಗೆ ಬೀಗ. ಸಂಜೆ ಅರಳಿಕಟ್ಟೆಯಲ್ಲಿ ಕೂರುತ್ತಿದ್ದ ಜೊತೆಗಾರರಲ್ಲಿ ಒಬ್ಬೊಬ್ಬರೇ ಹೋಗಿಬಿಟ್ಟಿದ್ದಾರೆ. ಇದ್ದವರು ಟಿವಿ ಮುಂದೆ.

ಕಿವಿ ಕೇಳದಿರುವುದು ಇದರಲ್ಲಿ ದೊಡ್ಡ ಪಾಲು ಎಂದು ನನ್ನ ಅನಿಸಿಕೆ. ಕಿವಿ ಮಂದವಾದವರು ಎರಡು ಸಲ "ಏನು?" ಎಂದು ಕೇಳುತ್ತಾರೆ, ಮೂರನೇ ಸಲ ಸುಮ್ಮನೆ ತಲೆ ಆಡಿಸಿ ಎದ್ದು ಹೋಗುತ್ತಾರೆ. ಕಣ್ಣಿಗೆ ಪೊರೆ ಬಂದವರು ಕತ್ತಲಾಗುವ ಮೊದಲೇ ಮನೆ ಸೇರುತ್ತಾರೆ. ಒಂದು ಪೊರೆ ಆಪರೇಷನ್, ಒಂದು ಕಿವಿಯಂತ್ರ ಎಷ್ಟೋ ಜನರನ್ನು ಮತ್ತೆ ಕಟ್ಟೆಗೆ ತಂದು ಕೂರಿಸುತ್ತದೆ. ವಿಧವೆಯರ ಪಾಡು ಬೇರೆ. ಮದುವೆ, ಸೀಮಂತ, ಆರತಿಯ ಹೊತ್ತಿಗೆ ಅವರನ್ನು ಒಳಗಿನ ಕೋಣೆಗೆ ಕಳಿಸುವ ಮನೆಗಳು ಇನ್ನೂ ಇವೆ. ಆಮೇಲೆ "ಅಜ್ಜಿ ಯಾಕೋ ಯಾರ ಜೊತೇನೂ ಬೆರೆಯಲ್ಲ" ಅನ್ನುವವರೂ ಅದೇ ಮನೆಯವರು.

ಎತ್ತು, ಹಸು ಮಾರಿ ಜಮೀನು ಗುತ್ತಿಗೆಗೆ ಕೊಟ್ವಿ. ಅಪ್ಪ ಆರಾಮಾಗಿರಲಿ ಅಂತ ಮಾಡಿದ್ದು. ಈಗ ಮಾತೇ ಆಡ್ತಿಲ್ಲ. ಕೆಲಸ ಕಮ್ಮಿ ಆದ್ರೆ ಖುಷಿ ಆಗ್ಬೇಕಲ್ವಾ?

ನನ್ನ ಮಟ್ಟಿಗೆ ಈ ಪುಟದಲ್ಲೇ ಮುಖ್ಯವಾದ ಪ್ರಶ್ನೆ ಇದು.

ಪಟ್ಟಣದ ನೌಕರನಿಗೆ ನಿವೃತ್ತಿ ಅಂದರೆ ಒಂದು ದಿನಾಂಕ, ಒಂದು ಹಾರ, ಪಿಂಚಣಿ. ರೈತನಿಗೆ ಅಂಥದ್ದು ಯಾವುದೂ ಇಲ್ಲ. ಎತ್ತು ಮಾರಿದ ದಿನವೇ ಅವನ ನಿವೃತ್ತಿ, ಮತ್ತೆ ಆ ತೀರ್ಮಾನ ಅನೇಕ ಸಲ ಬೇರೆಯವರದ್ದು. ಒಬ್ಬ ಹಿರಿಯರ ಮನೆಯವರು ಹೇಳಿದ್ದು ನೆನಪಿದೆ: ಹಸು ಹೋದ ಮೇಲೂ ಅವರು ನಾಲ್ಕು ಗಂಟೆಗೆ ಏಳುತ್ತಿದ್ದರು. ಕೊಟ್ಟಿಗೆಗೆ ಹೋಗಿ ಲೈಟ್ ಹಾಕಿ, ಖಾಲಿ ಗೋದಲಿ ನೋಡಿ, ಕಸ ಇಲ್ಲದಿದ್ದರೂ ಗುಡಿಸಿ ಬರುತ್ತಿದ್ದರು. ಕೆಲವು ತಿಂಗಳಾದ ಮೇಲೆ ಏಳುವುದನ್ನೇ ಬಿಟ್ಟರು. ಮನೆಯವರು ಗಾಬರಿಯಾಗಿದ್ದು ಆಗ.

ಹಾಲು ಕರೆಯುವುದು, ಡೇರಿಗೆ ಹಾಕುವುದು, ಅಲ್ಲಿ ನಾಲ್ಕು ಜನರ ಜೊತೆ ಮಾತು, ಹದಿನೈದು ದಿನಕ್ಕೊಮ್ಮೆ ಕೈಗೆ ಬರುವ ಬಟವಾಡೆ: ಹಸುವಿನ ಜೊತೆ ಇಷ್ಟೂ ಹೋಗುತ್ತದೆ. ಕೈಯಲ್ಲಿ ದುಡ್ಡು ಇಲ್ಲದಾಗ ಮೊಮ್ಮಗಳಿಗೆ ಮಿಠಾಯಿ ಕೊಡಿಸುವುದಕ್ಕೂ ಮಗನನ್ನು ಕೇಳಬೇಕು.

ಹಾಗಂತ ಎಂಬತ್ತರ ಅಪ್ಪನಿಗೆ ಮತ್ತೆ ನೇಗಿಲು ಹಿಡಿಸಿ ಅನ್ನುತ್ತಿಲ್ಲ. ಅವರ ಶಕ್ತಿಗೆ ತಕ್ಕ, ಆದರೆ ನಿಜವಾದ ಕೆಲಸ ಬೇಕು. ಎರಡು ಆಡು. ಹಿತ್ತಲಲ್ಲಿ ಸೊಪ್ಪಿನ ಮಡಿ. ಬಿತ್ತನೆ ಬೀಜ ಆರಿಸುವುದು. ಗುತ್ತಿಗೆದಾರ ಯಾವಾಗ ನೀರು ಬಿಟ್ಟ ಎಂದು ನೋಡಿಬರುವುದು. "ಸುಮ್ನೆ ಕೂತ್ಕೊಳ್ಳಿ, ನಾವು ಮಾಡ್ತೀವಿ" ಅನ್ನುವ ಪ್ರೀತಿಯ ಮಾತು ಅವರ ಕಿವಿಗೆ "ನೀವು ಬೇಡ" ಎಂದು ಕೇಳಿಸಬಹುದು. ಸಂಧ್ಯಾ ಸುರಕ್ಷಾ ಅಥವಾ ವೃದ್ಧಾಪ್ಯ ವೇತನ ಬರುತ್ತಿದ್ದರೆ ಅದನ್ನು ಮನೆ ಖರ್ಚಿಗೆ ಸೇರಿಸಬೇಡಿ, ಅವರ ಕೈಗೇ ಕೊಡಿ.

ಖಿನ್ನತೆ ಆಗಲೇ ಬಲಿತಿದ್ದರೆ ಬರೀ ಕೆಲಸ ಕೊಟ್ಟರೆ ಸಾಲದು. ಆಗ "ಏನಾದ್ರೂ ಮಾಡಿ" ಎಂದು ಒತ್ತಾಯ ಮಾಡಿದರೆ ಅವರಿಗೆ ಇನ್ನೂ ಕುಗ್ಗಿದ ಹಾಗಾಗುತ್ತದೆ. ಮೊದಲು ಚಿಕಿತ್ಸೆ ಶುರುವಾಗಲಿ.

ಎಲ್ಲಾ ಮರೀತಿದ್ದಾರೆ. ಇದು ಅರಳು ಮರಳಾ, ಖಿನ್ನತೆನಾ?

ಎರಡೂ ಆಗಿರಬಹುದು, ಒಟ್ಟಿಗೇ ಇರಲೂಬಹುದು. ಕೆಲವು ಸುಳಿವುಗಳಿವೆ. ಖಿನ್ನತೆಯ ಮರೆವು ಕೆಲವೇ ವಾರ ಅಥವಾ ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅವರೇ "ನನಗೇನೂ ನೆನಪಿರಲ್ಲ" ಎಂದು ಗೋಳಾಡುತ್ತಾರೆ. ಪ್ರಶ್ನೆ ಕೇಳಿದರೆ "ಗೊತ್ತಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಡಿಮೆನ್ಷಿಯಾ, ಅಂದರೆ ಜನ ಅರಳು ಮರಳು ಅನ್ನುವ ಮರೆವಿನ ಕಾಯಿಲೆ, ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಮರೆವು ಇರುವುದು ಹೆಚ್ಚಾಗಿ ಮನೆಯವರಿಗೆ ಕಾಣುತ್ತದೆ, ಅವರಿಗಲ್ಲ. ತಪ್ಪು ಉತ್ತರವಾದರೂ ಕೊಡುತ್ತಾರೆ, ಹಳೇ ದಾರಿಯಲ್ಲೇ ದಿಕ್ಕು ತಪ್ಪುತ್ತಾರೆ. ಖಿನ್ನತೆಯ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಆದ್ದರಿಂದ "ಅರವತ್ತಕ್ಕೆ ಅರಳು ಮರಳು" ಎಂದು ಕೈಬಿಡುವ ಮೊದಲು ತೋರಿಸಿ.

ಒಂದೆರಡು ದಿನದಲ್ಲೇ ಪೂರ್ತಿ ಗೊಂದಲವಾಗಿ, ಜನರ ಗುರುತೇ ಸಿಗದ ಹಾಗಾದರೆ ಅದು ಬೇರೆ. ಸೋಂಕು, ಸೋಡಿಯಂ ಇಳಿಕೆ, ಪಾರ್ಶ್ವವಾಯು ಏನಾದರೂ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತಾತ ತೀರಿಕೊಂಡು ಆರು ತಿಂಗಳಾಯ್ತು. ಅಜ್ಜಿ ಇನ್ನೂ ಅಳ್ತಾರೆ. ಡಾಕ್ಟರ್ ಹತ್ರ ಹೋಗ್ಬೇಕಾ?

ಬರೀ ಅಳುವುದಕ್ಕೆ ಬೇಡ. ಐವತ್ತು ವರ್ಷ ಒಟ್ಟಿಗೆ ಬಾಳಿದವರಲ್ವಾ? ದುಃಖ ಅಲೆಅಲೆಯಾಗಿ ಬರುತ್ತದೆ, ನಡುನಡುವೆ ಅವರು ತಾತನ ತಮಾಷೆ ನೆನೆದು ನಗುವುದೂ ಉಂಟು. ಮಾತು ಬರುವಾಗ ಬೇರೆ ವಿಷಯಕ್ಕೆ ಹೊರಳಿಸಬೇಡಿ, ಕೇಳಿ. ಆದರೆ ಊಟ ಬಿಟ್ಟು ಸೊರಗುತ್ತಿದ್ದರೆ, "ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ, ನನ್ನಿಂದಲೇ ಹೋದರು" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಿದ್ದರೆ, "ನಾನೂ ಹೋಗ್ತೀನಿ" ಅನ್ನುತ್ತಿದ್ದರೆ ತೋರಿಸಬೇಕು.

## ಚಿಕಿತ್ಸೆ

ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಅಂತಾರೆ. ತಾಯತ ಕಟ್ಟಿಸಿದ್ವಿ. ಬೇಡ ಅಂತೀರಾ?

ತಾಯತದ ಬಗ್ಗೆ ನಾನು ಜಗಳ ಆಡುವುದಿಲ್ಲ. ದೇವಸ್ಥಾನ, ದರ್ಗಾಕ್ಕೆ ಹೋಗಿ ಬಂದರೆ ಎಷ್ಟೋ ಜನರಿಗೆ ನಿಜವಾಗಿ ಸಮಾಧಾನವಾಗುತ್ತದೆ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಬಿಪಿ–ಸಕ್ಕರೆ ಮಾತ್ರೆ ನಿಲ್ಲಿಸುವುದು, ಇಷ್ಟಕ್ಕೆ ಮಾತ್ರ ಖಂಡಿತ ಬೇಡ ಅನ್ನುತ್ತೇನೆ. ಪೂಜೆ ನಡೆಯಲಿ, ಅದೇ ವಾರ ಆಸ್ಪತ್ರೆಗೂ ಹೋಗಿ ಬನ್ನಿ.

"ಹುಚ್ಚಾಸ್ಪತ್ರೆಗೆ ಬರಲ್ಲ" ಅಂತ ಹಠ. ಎಲ್ಲಿಗೆ ಕರ್ಕೊಂಡು ಹೋಗೋದು?

ಮೊದಲು ಹೋಗಬೇಕಾದ್ದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಹಳ್ಳಿಯ ಡಾಕ್ಟರೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಲ್ಲರು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಯೋಗ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಬರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ, ಸುಮ್ನೆ ಹೋಗಿ ವಾಪಸ್ ಬರುವುದು ಬೇಡ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ ಉಚಿತ. ತೊಂದರೆ ದೊಡ್ಡದಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ದೊಡ್ಡ ಮಾನಸಿಕ ಆಸ್ಪತ್ರೆಗಳಿವೆ.

ಎಲ್ಲಿಗೂ ಬರಲ್ಲ ಅಂದರೆ ಟೆಲಿ ಮಾನಸ್ ಇದೆ: 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಮನೆಯವರು ಸಲಹೆ ಕೇಳಲೂ ಫೋನ್ ಮಾಡಬಹುದು.

ಹಠದ ವಿಷಯ: ಸುಳ್ಳು ಹೇಳಿ ಕರೆದೊಯ್ಯಬೇಡಿ. "ನಿಮಗೆ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಅದನ್ನ ತೋರಿಸೋಣ" ಅಂದರೆ ಸಾಕು. ಅದು ನಿಜವೂ ಹೌದು.

ಏನೇನು ಟೆಸ್ಟ್ ಮಾಡಿಸಬೇಕು?

ಖಿನ್ನತೆಯನ್ನು ತೋರಿಸುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಮಾತಾಡಿಸಿ, ಹದಿನೈದು ಪ್ರಶ್ನೆಗಳ ಒಂದು ಪಟ್ಟಿ ಬಳಸಿ ಅಂದಾಜು ಮಾಡುತ್ತಾರೆ. ಆದರೆ ಖಿನ್ನತೆಯಂತೆಯೇ ಕಾಣುವ ತೊಂದರೆಗಳಿವೆ: ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ (ಬರೀ ಸಸ್ಯಾಹಾರ ತಿನ್ನುವವರಲ್ಲಿ, ಹಲ್ಲು ಹೋಗಿ ಗಂಜಿಯಲ್ಲೇ ಇರುವವರಲ್ಲಿ ಜಾಸ್ತಿ), ಹಿಡಿತ ತಪ್ಪಿದ ಸಕ್ಕರೆ. ಇವನ್ನು ಒಮ್ಮೆ ನೋಡಿಸಿ. ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ, ಆ ಪ್ಲಾಸ್ಟಿಕ್ ಕವರ್ ಸಮೇತ.

ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಂತೆ. ಚಟ ಆಗುತ್ತಂತೆ. ಹೌದಾ?

ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಆದರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಆಗಬಹುದು. ಹಾಗಾಗಿ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಜನ ಎಡವುವುದು ಕಾಯುವ ವಿಷಯದಲ್ಲಿ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಹೊಟ್ಟೆ ತೊಳೆಸುವಂಥ ಅಡ್ಡ ಪರಿಣಾಮ ಮೊದಲ ವಾರದಲ್ಲೇ ಬರುತ್ತದೆ. "ಉಪಯೋಗ ಇಲ್ಲ, ತೊಂದರೆ ಮಾತ್ರ" ಎಂದು ಎಂಟನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಬೇಕಾಗುತ್ತದೆ. ಕಾಯಿಲೆ ಮರುಕಳಿಸಿದವರಿಗೆ ಇನ್ನೂ ದೀರ್ಘ.

ಹಿರಿಯರಲ್ಲಿ ಕೆಲವು ಮಾತ್ರೆಗಳು ರಕ್ತದ ಸೋಡಿಯಂ ಇಳಿಸಬಹುದು. ಶುರುವಿನ ವಾರಗಳಲ್ಲಿ ಹೊಸದಾಗಿ ಗೊಂದಲ, ತೂರಾಟ, ವಿಪರೀತ ಸುಸ್ತು ಕಂಡರೆ ತಡಮಾಡದೆ ತೋರಿಸಿ. ಬಿಪಿಗೆ ಮೂತ್ರ ಹೋಗುವ ಮಾತ್ರೆ ತಗೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು.

ಮೆಡಿಕಲ್ ಶಾಪಲ್ಲಿ ಕೇಳಿ ನಿದ್ದೆ ಮಾತ್ರೆ ಕೊಡ್ತಿದೀವಿ. ಅದು ಸಾಲಲ್ವಾ?

ಚಟ ಹಿಡಿಸುವ ಮಾತ್ರೆ ಅದು. ಮೇಲಿನ ಪ್ರಶ್ನೆಯ ಭಯವೆಲ್ಲ ನಿಜವಾಗಿ ಸಲ್ಲಬೇಕಾದ್ದು ಇದಕ್ಕೆ. ಹಿರಿಯರು ರಾತ್ರಿ ಮೂತ್ರಕ್ಕೆ ಎದ್ದಾಗ ತೂರಾಡಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಖಿನ್ನತೆಯನ್ನೂ ಇದು ವಾಸಿ ಮಾಡುವುದಿಲ್ಲ. ತಿಂಗಳುಗಟ್ಟಲೆ ತಗೊಂಡಿದ್ದರೆ ದಿಢೀರ್ ನಿಲ್ಲಿಸಬೇಡಿ, ಡಾಕ್ಟರ್ ಕೇಳಿ ಇಳಿಸಿ. ರಾತ್ರಿ ನಿದ್ದೆಗೆಂದು ಹಾಕುವ ಕ್ವಾರ್ಟರ್‌ಗೂ ಇದೇ ಮಾತು. ಎರಡನ್ನೂ ಸೇರಿಸಿದರಂತೂ ಉಸಿರಿಗೇ ಅಪಾಯ.

ಕರೆಂಟ್ ಕೊಡ್ತಾರಂತೆ ಅಂತ ಊರಲ್ಲಿ ಹೆದರಿಸ್ತಿದ್ದಾರೆ.

ಎಲ್ಲರಿಗೂ ಕೊಡುವುದಿಲ್ಲ. ಊಟ ನೀರು ಪೂರ್ತಿ ಬಿಟ್ಟವರಿಗೆ, ಸಾಯುವ ಹಠದಲ್ಲಿರುವವರಿಗೆ, ಮಾತ್ರೆ ಹತ್ತದವರಿಗೆ ಇದನ್ನು ಯೋಚಿಸುತ್ತಾರೆ. ಅಂಥ ಹಿರಿಯರಲ್ಲಿ ಬೇಗ ಕೆಲಸ ಮಾಡುವ ಚಿಕಿತ್ಸೆ ಇದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಅರಿವಳಿಕೆ ಕೊಡದೆ ಮಾಡುವ ಹಾಗೇ ಇಲ್ಲ. ಸ್ವಲ್ಪ ದಿನ ಮರೆವು ಕಾಡಬಹುದು. ಸಿನಿಮಾದಲ್ಲಿ ತೋರಿಸುವ ಚೀರಾಟ ಇಲ್ಲಿ ಇರುವುದಿಲ್ಲ.

## ಕಷ್ಟದ ಪ್ರಶ್ನೆಗಳು

ನಾವು ಬೆಂಗಳೂರಲ್ಲಿದೀವಿ, ತಮ್ಮ ಅಮೆರಿಕದಲ್ಲಿ. ಅಪ್ಪ ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡೋದಾ?

ಅವರನ್ನೇ ಕೇಳಿದ್ದೀರಾ? ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಇಬ್ಬರೇ ಕೂತಿರುವುದು ಹಳ್ಳಿಯ ಒಂಟಿತನಕ್ಕಿಂತ ಕೆಟ್ಟದ್ದಾಗಬಹುದು. ಅಲ್ಲಿ ಕೊನೇಪಕ್ಷ ಜಗಲಿ ಇತ್ತು. ಇನ್ನು ಕೆಲವರಿಗೆ ಬರುವುದೇ ಸರಿ: ಒಬ್ಬರೇ ಉಳಿದವರು, ಬೀಳುತ್ತಿರುವವರು, ಅಡುಗೆ ಮಾಡಿಕೊಳ್ಳಲು ಆಗದವರು. ಒಂದೆರಡು ತಿಂಗಳು ಇದ್ದು ನೋಡಲಿ, ಊರಿನ ಮನೆ ಹಾಗೇ ಇರಲಿ. ಖಿನ್ನತೆ ಜೋರಾಗಿರುವಾಗ ಮನೆ ಮಾರುವ, ಜಮೀನು ಕೊಡುವ ದೊಡ್ಡ ತೀರ್ಮಾನ ಬೇಡ.

ದೂರದಲ್ಲೇ ಇರುವುದಾದರೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಇಷ್ಟೇ ಆದರೆ ಅದು ಹಾಜರಿ ಕರೆದಂತೆ. ಬದಲಿಗೆ ಅವರಿಗೆ ಗೊತ್ತಿರುವುದನ್ನು ಕೇಳಿ: ಹುಳಿ ಪುಡಿಗೆ ಏನು ಹಾಕುವುದು, ಯಾವ ಮಳೆ ನಕ್ಷತ್ರ ನಡೆಯುತ್ತಿದೆ. ಪಕ್ಕದ ಮನೆಯವರ ನಂಬರ್ ಇಟ್ಟುಕೊಳ್ಳಿ.

ಆಸ್ತಿ ಬರೆಸಿಕೊಂಡ ಮೇಲೆ ಅಣ್ಣ ಊಟಕ್ಕೂ ಸರಿಯಾಗಿ ಕೊಡ್ತಿಲ್ಲ. ಅಮ್ಮ ಕುಗ್ಗಿಹೋಗಿದ್ದಾರೆ. ಇದಕ್ಕೆ ಮಾತ್ರೆ ಏನು ಮಾಡುತ್ತೆ?

ಒಪ್ಪುತ್ತೇನೆ, ಹಸಿವಿಗೆ ಮಾತ್ರೆ ಇಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಕಚೇರಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು 23ನೇ ಸೆಕ್ಷನ್ ಪ್ರಕಾರ ರದ್ದು ಮಾಡಿಸಲೂ ದಾರಿ ಇದೆ. ಷರತ್ತು ಪತ್ರದಲ್ಲೇ ಇದ್ದರೆ ಕೇಸು ಗಟ್ಟಿ. ಇನ್ನೂ ಬರೆಯದವರು ಇದನ್ನು ನೆನಪಿಡಿ. ಸಲಹೆಗೆ ಹಿರಿಯರ ಸಹಾಯವಾಣಿ 14567.

ಆದರೆ ಎಷ್ಟೋ ತಾಯಂದಿರು ಮಗನ ಮೇಲೆ ಅರ್ಜಿ ಕೊಡಲು ಒಪ್ಪುವುದಿಲ್ಲ. ಬಲವಂತ ಮಾಡಬೇಡಿ. ಊರಿನ ಹಿರಿಯರೊಬ್ಬರು, ಸೋದರಮಾವ ಯಾರಾದರೂ ಕೂತು ಮಾತಾಡಿದರೆ ಕೆಲವೊಮ್ಮೆ ಕಾನೂನಿಗಿಂತ ಬೇಗ ಕೆಲಸವಾಗುತ್ತದೆ.

"ದೇವರು ಕರ್ಕೊಂಡ್ರೆ ಸಾಕು" ಅಂತ ದಿನಾ ಅಂತಾರೆ. ಸುಮ್ನೆ ಹೇಳೋದಾ, ಹೆದರಬೇಕಾ?

ಆ ಮಾತನ್ನು ನಮ್ಮ ಹಿರಿಯರು ಮಾತುಮಾತಿಗೂ ಅನ್ನುತ್ತಾರೆ, ನಿಜ. ಮಂಡಿ ನೋವಿಗೂ ಅದೇ, ಕರೆಂಟ್ ಹೋದರೂ ಅದೇ. ಆದರೆ ಖಿನ್ನತೆಯ ಲಕ್ಷಣಗಳ ಜೊತೆ ಬಂದರೆ ಸುಮ್ನೆ ಬಿಡಬೇಡಿ. ಒಡವೆ ಹಂಚುವುದು, ಪಾಸ್‌ಬುಕ್ ಕೈಗೆ ಕೊಟ್ಟು "ಇನ್ನು ನೀನೇ ನೋಡ್ಕೋ" ಅನ್ನುವುದು, ಔಷಧ ಬಿಡುವುದು, ಬಹಳ ದಿನ ಚಡಪಡಿಸಿ ಇದ್ದಕ್ಕಿದ್ದಂತೆ ಶಾಂತವಾಗುವುದು ಕಂಡರೆ ಹುಷಾರಾಗಿ. ವಯಸ್ಸಾದವರು ಎಲ್ಲರಿಗೂ ಹೇಳಿಕೊಂಡು ಪ್ರಯತ್ನ ಮಾಡುವುದು ಕಡಿಮೆ.

ನೇರವಾಗಿ ಕೇಳಿ: "ಜೀವ ತೆಗೆದುಕೊಳ್ಳೋ ಯೋಚನೆ ಬರುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು. ಯಾರೋ ಕೇಳಿದರಲ್ಲ ಎಂದು ಅನೇಕರಿಗೆ ಹಗುರವಾಗುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ಅಥವಾ 14416ಕ್ಕೆ ಮಾಡಿ. ಜೀವಕ್ಕೆ ಅಪಾಯವಾಗಿದ್ದರೆ 108.

ಇನ್ನೊಂದು ಕೆಲಸ ಈಗಲೇ ಮಾಡಿ. ಹೊಲಕ್ಕೆ ಹೊಡೆಯುವ ಔಷಧ, ಕಾಳಿಗೆ ಇಡುವ ಮಾತ್ರೆ ಮನೆಯ ಅಟ್ಟದಲ್ಲಿ, ಮಂಚದ ಕೆಳಗೆ ಇದ್ದರೆ ತೆಗೆಯಿರಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಸಾಧ್ಯವಾದರೆ ಬೇರೆಯವರ ಮನೆಯಲ್ಲಿ ಇಡಿ. ಉಳಿದ ಮಾತ್ರೆಗಳೂ ನಿಮ್ಮ ಹತ್ತಿರ ಇರಲಿ. ಆ ಯೋಚನೆ ಬಂದ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ.

ಪ್ರಯತ್ನ ಮಾಡಿ ಬದುಕಿದವರ ಮೇಲೆ ಪೊಲೀಸ್ ಕೇಸಾಗುತ್ತದೆ ಎಂದು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅಂಥವರನ್ನು ವಿಪರೀತ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷಿಸಬಾರದು ಅನ್ನುತ್ತದೆ. ಚಿಕಿತ್ಸೆಗೆ ಹಿಂಜರಿಯಬೇಡಿ.

ಅತ್ತೆನ ನೋಡ್ಕೊಳ್ಳೋಳು ನಾನೊಬ್ಳೇ. ನನಗೇ ಹುಚ್ಚು ಹಿಡಿಯೋ ಹಾಗಾಗಿದೆ. ನನ್ನ ಗತಿ ಏನು?

ಈ ಪ್ರಶ್ನೆ ಬರುವುದು ಯಾವಾಗಲೂ ಕೊನೆಗೆ, ಎಲ್ಲರೂ ಹೊರಗೆ ಹೋದ ಮೇಲೆ. ನಿಮಗೆ ಸಿಟ್ಟು ಬರುತ್ತಿದ್ದರೆ ನೀವು ಕೆಟ್ಟ ಸೊಸೆಯಲ್ಲ, ದಣಿದಿದ್ದೀರಿ. ತಿಂಗಳಲ್ಲಿ ನಾಲ್ಕು ದಿನ ನಾದಿನಿಯೋ ಭಾವನೋ ಬಂದು ನೋಡಿಕೊಳ್ಳಲಿ, ದುಡ್ಡು ಕಳಿಸಿ ಕೈತೊಳೆದುಕೊಳ್ಳುವುದು ಬೇಡ ಎಂದು ಗಂಡನಿಂದಲೇ ಹೇಳಿಸಿ. ಡಾಕ್ಟರ್ ಹತ್ತಿರ ಹೋದಾಗ ನಿಮ್ಮ ನಿದ್ದೆ, ಊಟದ ಬಗ್ಗೆಯೂ ಹೇಳಿ. ನೋಡಿಕೊಳ್ಳುವವರಿಗೂ ಖಿನ್ನತೆ ಬರುತ್ತದೆ. ಆಗ ಚೀಟಿ ನಿಮ್ಮ ಹೆಸರಿನಲ್ಲೂ ಒಂದು ಮಾಡಿಸಬೇಕು.